ನೆರೆ ಇಳಿದ ಮೇಲೆ ಸಂಘದ ಲೆಕ್ಕ

ಕಪಿಲೆ, ಅಂದರೆ ಕಬಿನಿ ನದಿ, ಉಕ್ಕುವುದಕ್ಕೆ ನಂಜನಗೂಡಿನಲ್ಲಿ ಮಳೆ ಬರಬೇಕೆಂದಿಲ್ಲ. ವಯನಾಡಿನಲ್ಲಿ ನಾಲ್ಕು ದಿನ ಬಿಡದೆ ಹೊಯ್ದರೆ ಸಾಕು, ಎಚ್.ಡಿ. ಕೋಟೆ ತಾಲ್ಲೂಕಿನ ಕಬಿನಿ ಜಲಾಶಯ ತುಂಬಿಬಿಡುತ್ತದೆ. ಅದು ಹಿಡಿಯುವುದೇ 19.52 ಟಿಎಂಸಿ, ಕೆಆರ್‌ಎಸ್‌ನ ಅರ್ಧಕ್ಕೂ ಕಡಿಮೆ. ಗೇಟು ಎತ್ತಿದರೆ ನೀರು ನೇರ ನಂಜನಗೂಡಿಗೆ. ಇಲ್ಲಿ ಬಿಸಿಲು ಕಾಯುತ್ತಿರುತ್ತದೆ, ಅತ್ತ ಹದಿನಾರು ಕಾಲು ಮಂಟಪ ಮುಳುಗುತ್ತಿರುತ್ತದೆ. 2019ರ ಆಗಸ್ಟ್‌ನಲ್ಲಿ ಹೊರಹರಿವು ಲಕ್ಷ ಕ್ಯೂಸೆಕ್ ದಾಟಿದಾಗ ಮಲ್ಲನಮೂಲೆ ಮಠದ ಹತ್ತಿರ ಮೈಸೂರು–ನಂಜನಗೂಡು ರಸ್ತೆಯ ಮೇಲೇ ನೀರು ಹರಿದು ಸಂಚಾರ ಬಂದ್ ಆಯಿತು.

ನಾನು ಮೈಸೂರಿನಲ್ಲಿ ಲೆಕ್ಕಪತ್ರದ ಕೆಲಸ ಮಾಡುವವಳು. ನಂಜನಗೂಡು ತಾಲ್ಲೂಕಿನ ನದಿ ದಂಡೆಯ ಒಂದು ಊರಿಗೆ, ಅಲ್ಲಿನ ಮಹಿಳಾ ಸ್ವಸಹಾಯ ಸಂಘಗಳಿಗೆ ಪುಸ್ತಕ ಬರೆಯುವುದನ್ನು ಹೇಳಿಕೊಡಲು ಅದಕ್ಕೂ ಮೊದಲಿಂದ ಹೋಗಿ ಬರುತ್ತಿದ್ದೆ. ಊರಿನ ಹೆಸರು ಬೇಡ, ಮುಂದೆ ಅಲ್ಲಿನವರ ಸಾಲಸೋಲದ ಮಾತು ಬರುತ್ತದೆ. ನೆರೆ ಬಂದಾಗ ನಾವು ಕೆಲವು ಗೆಳತಿಯರು, ನಮ್ಮ ಬಡಾವಣೆಯವರು ಸೇರಿ ಹಣ ಕೂಡಿಸಿದೆವು. ಆಮೇಲಿನದನ್ನು ಈಗ ಬರೆಯುವುದಕ್ಕೆ ಕಾರಣ, ಪ್ರತಿ ಮಳೆಗಾಲಕ್ಕೂ ಯಾರಾದರೂ ಫೋನ್ ಮಾಡಿ ‘ಏನು ಕಳಿಸೋಣ?’ ಅಂತ ಕೇಳುತ್ತಾರೆ. ಯಾರ ಕೈಗೆ ಕೊಡೋಣ, ಏನು ಷರತ್ತು ಹಾಕೋಣ ಅಂತ ಕೇಳುವವರು ಅಪರೂಪ.

ಊರಿನ ಸಂಘಗಳೆಲ್ಲ ಸೇರಿದ ಒಕ್ಕೂಟದ ಅಧ್ಯಕ್ಷೆಗೆ ಫೋನ್ ಮಾಡಿದಾಗ ಅವರು ಗಂಜಿ ಕೇಂದ್ರವಾಗಿದ್ದ ಶಾಲೆಯಲ್ಲಿದ್ದರು.

‘ಬಟ್ಟೆ ಮಾತ್ರ ಬ್ಯಾಡ ಮೇಡಂ. ಅವರಿವರು ತಂದು ಸುರುದ್ಬುಟ್ಟವ್ರೆ, ಒಂದ್ ರೂಮ್ ತುಂಬೋಗದೆ. ಕೋಟು ಅದೆ ಕನ ಮೇಡಂ, ಮದುವೆ ಗಂಡು ಹಾಕ್ಕೊಳೋ ಕೋಟು!’

ಬೇಕಾದದ್ದು ರಾಗಿ ಹಿಟ್ಟು. ಕೇಂದ್ರದಲ್ಲಿ ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ–ಸಾರು, ರಾತ್ರಿಯೂ ಅದೇ. ಮುದ್ದೆ ಉಣ್ಣುವ ಜನಕ್ಕೆ ಅದು ಊಟ ಅನ್ನಿಸುವುದಿಲ್ಲ. ಊರಿನ ಮಿಲ್ಲಿನ ಮೋಟಾರು ಮುಳುಗಿ ಹೋಗಿತ್ತು. ಬಂಡಿಪಾಳ್ಯದ ಎಪಿಎಂಸಿಯಲ್ಲಿ ರಾಗಿ ಕೊಂಡು, ಮೈಸೂರಿನಲ್ಲೇ ಬೀಸಿಸಿ, ಸುತ್ತು ದಾರಿಯಲ್ಲಿ ಕಳಿಸಿದೆವು. ಅದರ ಜೊತೆಗೆ ದೊಡ್ಡ ಕೊಳಗ, ಮುದ್ದೆ ತಿರುವುವ ಕೋಲು. ಫೋನ್ ಇಡುವ ಮುಂಚೆ ಆಕೆ ದನಿ ತಗ್ಗಿಸಿ ಹೇಳಿದ್ದು ಇನ್ನೊಂದು: ಹೆಂಗಸರಿಗೆ ಒಳಗಿನ ಬಟ್ಟೆ, ಪ್ಯಾಡು, ನೈಟಿ, ಶೌಚಾಲಯದ ಕಡೆಗೆ ಒಂದು ದೀಪ, ಸ್ನಾನಕ್ಕೆ ಮರೆ. ಊರಿನ ಮುಖಂಡರು ತಾಲ್ಲೂಕು ಕಚೇರಿಗೆ ಬರೆದುಕೊಟ್ಟ ಪಟ್ಟಿಯನ್ನು ಆಮೇಲೆ ನೋಡಿದೆ. ಟಾರ್ಪಾಲು, ಅಕ್ಕಿ, ಮೇಣದಬತ್ತಿ, ಬೆಡ್‌ಶೀಟು ಎಲ್ಲ ಇತ್ತು. ಇವೊಂದೂ ಇರಲಿಲ್ಲ. ಬರೆಯಬಾರದೆಂದು ಬಿಟ್ಟದ್ದಲ್ಲ, ಬರೆಯುವಾಗ ಪಕ್ಕದಲ್ಲಿ ಹೆಂಗಸರಿರಲಿಲ್ಲ, ಅಷ್ಟೇ. ಸಂಘದವರು ಒಳಉಡುಪಿನ ಅಳತೆಗಳನ್ನು ಒಂದು ಚೀಟಿಯಲ್ಲಿ ಬರೆದು, ನಾಲ್ಕು ಮಡಿಕೆ ಮಡಿಸಿ, ಹಾಲಿನ ವ್ಯಾನಿನ ಡ್ರೈವರ್ ಕೈಲಿ ಕಳಿಸಿದ್ದರು. ಆ ಚೀಟಿ ಇಲ್ಲದೆ ಹೋಗಿದ್ದರೆ ನಾವೂ ಒಂದೇ ಅಳತೆಯದು ರಾಶಿ ತಂದು ಸುರಿಯುತ್ತಿದ್ದೆವೋ ಏನೋ.

ಕೇಂದ್ರದ ದಿನಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನೀರು ಏರಿರುವಷ್ಟು ದಿನ ಎಲ್ಲರೂ ಬರುತ್ತಾರೆ, ಕ್ಯಾಮೆರಾಗಳೂ ಬರುತ್ತವೆ. ನೀರು ಇಳಿದು, ಮನೆಯೊಳಗೆ ಮೊಣಕಾಲುದ್ದ ಕೆಸರು ಉಳಿದು, ಶಾಲೆ ಮತ್ತೆ ಶುರುವಾಗಬೇಕೆಂದು ಜನರನ್ನು ಮನೆಗೆ ಕಳಿಸುವ ದಿನ ಯಾರೂ ಇರುವುದಿಲ್ಲ.

ನಾನು ಹೋದದ್ದು ಆ ಹೊತ್ತಿಗೆ. ತಗ್ಗಿನ ಕೇರಿಯ ಸಂಘದ ಟ್ರಂಕು ನೀರಿನಲ್ಲಿ ನೆಂದಿತ್ತು. ಅದರೊಳಗೆ ನಡಾವಳಿ ಪುಸ್ತಕ, ನಗದು ಪುಸ್ತಕ, ಉಳಿತಾಯ ಮತ್ತು ಸಾಲದ ಖಾತೆ ಪುಸ್ತಕ, ಸದಸ್ಯರ ಪಾಸ್ ಪುಸ್ತಕಗಳು. ಹಾಳೆಗಳು ಒತ್ತಿಟ್ಟ ಹೋಳಿಗೆಯಂತೆ ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಸಿಲಿಗೆ ಹಾಕಬೇಡಿ, ಗರಿಗರಿಯಾಗಿ ಮುರಿಯುತ್ತವೆ ಅಂದೆ. ಶಾಲೆಯ ಜಗಲಿಯಲ್ಲಿ ಹಳೆಯ ಪೇಪರ್ ಹಾಸಿ, ಪೊರಕೆ ಕಡ್ಡಿಯನ್ನು ಮೆಲ್ಲಗೆ ನಡುವೆ ತೂರಿಸಿ ಹಾಳೆ ಬಿಡಿಸಿದೆವು. ಬಾಲ್ ಪೆನ್ನಿನಲ್ಲಿ ಬರೆದ ಸಾಲುಗಳು ಹಾಗೇ ಇದ್ದವು. ಜೆಲ್ ಪೆನ್ನಿನ ಪುಟಗಳಲ್ಲಿ ಬರೀ ನೀಲಿ ಕಲೆ. ಹೊಸದಾಗಿ ಬಂದಿದ್ದ ಪುಸ್ತಕ ಬರೆಯುವ ಹುಡುಗಿಗೆ ಜೆಲ್ ಪೆನ್ನಿನ ಅಕ್ಷರ ಚೆಂದ ಅಂತ ಇಷ್ಟ. ಹಾಗಾಗಿ ಹಳೆಯ ಲೆಕ್ಕವೆಲ್ಲ ಉಳಿದು, ಬೇಕಾಗಿದ್ದ ಈಚಿನ ಲೆಕ್ಕವೇ ಹೋಗಿತ್ತು.

ಅನ್ನ, ಮನೆ ಬಿಟ್ಟು ಪುಸ್ತಕಕ್ಕೇಕೆ ಇಷ್ಟು ಒದ್ದಾಟ ಎಂದು ನಮ್ಮ ಗುಂಪಿನಲ್ಲೇ ಒಬ್ಬರು ಕೇಳಿದರು. ಕೇಳುವ ಮಾತೇ. ಆದರೆ ಸಂಘಕ್ಕೆ ಇರುವ ಆಸ್ತಿ ಅದೊಂದೇ. ಯಾರದು ಎಷ್ಟು ಉಳಿತಾಯ, ಯಾರ ಮೇಲೆ ಎಷ್ಟು ಬಾಕಿ ಎನ್ನುವುದು ಹೋದರೆ ನಂಬಿಕೆ ಹೋಗುತ್ತದೆ, ನಂಬಿಕೆ ಹೋದರೆ ವಾರದ ಸಭೆಗೆ ಜನ ಬರುವುದಿಲ್ಲ. ಪುಸ್ತಕ ಇಲ್ಲದ ಸಂಘಕ್ಕೆ ಬ್ಯಾಂಕೂ ಸಾಲ ನವೀಕರಿಸುವುದಿಲ್ಲ. ಆಗ ಉಳಿಯುವುದು ಬಾಗಿಲಿಗೆ ಬಂದು ಕೊಡುವ ಫೈನಾನ್ಸಿನವರು ಮಾತ್ರ.

ಲೆಕ್ಕ ಮತ್ತೆ ಕಟ್ಟಿದ್ದು ಮೂರು ಕಡೆಯಿಂದ. ಬ್ಯಾಂಕಿನಿಂದ ಸ್ಟೇಟ್‌ಮೆಂಟ್ ತಂದೆವು, ಅದರಲ್ಲಿ ಸಂಘ ಕಟ್ಟಿದ ಮೊತ್ತ ಸಿಕ್ಕಿತು. ಎತ್ತರದ ಬೀದಿಯಲ್ಲಿದ್ದ ಕೆಲವರ ಪಾಸ್ ಪುಸ್ತಕ ನೆನೆಯದೆ ಉಳಿದಿದ್ದವು. ಮಿಕ್ಕದ್ದು ನೆನಪು. ಸುತ್ತ ಕೂತು ಒಬ್ಬೊಬ್ಬರಾಗಿ ಹೇಳಬೇಕು, ಉಳಿದವರು ಒಪ್ಪಬೇಕು. ‘ನೀನು ಆಗ ಮಗಳ ಹೆರಿಗೆಗೆ ಈಸ್ಕೊಂಡಲ್ಲ, ಗೌರಿ ಹಬ್ಬದ ಹಿಂದ್ಲ ವಾರ’ ಅಂತ ಒಬ್ಬರು ಅಂದರೆ ಇನ್ನೊಬ್ಬರು, ‘ಅದ್ರಲ್ಲಿ ಅರ್ಧ ತೀರಿಸ್ಬುಟ್ಟಿವ್ನಿ ಕನಕ್ಕ, ಕೋಳಿ ಮಾರಿದ ದುಡ್ಡು’ ಅನ್ನುವರು. ತಾರೀಖು ಯಾರಿಗೂ ಗೊತ್ತಿಲ್ಲ, ಹಬ್ಬ, ಹೆರಿಗೆ, ತಿಥಿ ಎಲ್ಲ ಗೊತ್ತು. ನಾನು ಕ್ಯಾಲೆಂಡರ್ ಇಟ್ಟುಕೊಂಡು ಅವನ್ನು ತಾರೀಖಿಗೆ ತಿರುಗಿಸುತ್ತ ಹೋದೆ. ಕೊನೆಗೆ ಬ್ಯಾಂಕಿನ ಮೊತ್ತಕ್ಕೂ ಇವರ ನೆನಪಿನ ಮೊತ್ತಕ್ಕೂ ಬಂದ ವ್ಯತ್ಯಾಸ ಎಷ್ಟು ಸಣ್ಣದಿತ್ತೆಂದರೆ, ಕೆಲವು ಅಂಗಡಿಗಳ ಕಂಪ್ಯೂಟರ್ ಲೆಕ್ಕದಲ್ಲೂ ನಾನು ಅಷ್ಟು ಹೊಂದಾಣಿಕೆ ನೋಡಿಲ್ಲ. ಹೊಸ ಪುಸ್ತಕ ದೀಪಾವಳಿ ಕಳೆದ ಮೇಲೆ ಮುಗಿಯಿತು. ಬಾಲ್ ಪೆನ್ನಿನಲ್ಲಿ.

ಈ ಕೂರುವಿಕೆಯಿಂದಲೇ ಇನ್ನೊಂದು ಹುಟ್ಟಿತು. ಆ ಸಲ ಬಟ್ಟೆ ಮತ್ತು ಪಾತ್ರೆಗೆಂದು ಕೇಂದ್ರ ಸರ್ಕಾರದ ನಿಯಮದಂತೆ ಒಂದು ಕುಟುಂಬಕ್ಕೆ ಸಿಗಬೇಕಾಗಿದ್ದದ್ದು 3,800 ರೂಪಾಯಿ. ರಾಜ್ಯ ಸರ್ಕಾರ ತನ್ನದು ಸೇರಿಸಿ 10,000 ಮಾಡಿತ್ತು. ಮನೆ ಪೂರ್ತಿ ಬಿದ್ದಿದ್ದರೆ ‘ಎ’ ವರ್ಗ, 5 ಲಕ್ಷ. ಅದಕ್ಕಿಂತ ಕಡಿಮೆ ಹಾನಿಗೆ ‘ಬಿ’, ‘ಸಿ’. ಮೊತ್ತ ಚೆನ್ನಾಗಿತ್ತು, ತೊಡಕಿದ್ದದ್ದು ಕುಟುಂಬ ಎಂದರೆ ಯಾವುದು ಎನ್ನುವುದರಲ್ಲಿ. ಪಟ್ಟಿ ತಯಾರಾಗುವುದು ಮನೆ ಬಾಗಿಲು, ರೇಷನ್ ಕಾರ್ಡು, ಖಾತೆ ನೋಡಿ. ಒಂದೇ ಬಾಗಿಲಿನ ಹಿಂದೆ ಅತ್ತೆಯದೊಂದು ಒಲೆ, ಹಿರಿ ಸೊಸೆಯದೊಂದು, ಗಂಡ ಬಿಟ್ಟು ತವರಿಗೆ ಬಂದ ಮಗಳದೊಂದು. ಮನೆ ಖಾತೆ ಸತ್ತ ಮಾವನ ಹೆಸರಿನಲ್ಲಿ. ಬಾಡಿಗೆಗಿದ್ದವರು ಎಲ್ಲೂ ಇಲ್ಲ. ಪಾತ್ರೆ ಹೋದದ್ದು ಮೂರು ಒಲೆಯವರದು, ದುಡ್ಡು ಬಂದದ್ದು ಒಬ್ಬರ ಖಾತೆಗೆ.

ಒಕ್ಕೂಟದವರು ಒಲೆ ಎಣಿಸಿದರು. ಬೀದಿಬೀದಿ ತಿರುಗಿ, ಯಾರು ಬೇರೆ ಬೇಯಿಸಿ ಉಣ್ಣುತ್ತಾರೆ, ಅವರ ಬಳಿ ಯಾವ ಕಾಗದ ಇದೆ, ಯಾವುದು ನೀರಲ್ಲಿ ಹೋಗಿದೆ, ಗೋಡೆ ಎಷ್ಟು ಎತ್ತರ ನೆಂದಿದೆ ಎಲ್ಲವನ್ನೂ ಬರೆದರು. ಶುರುವಿಗೆ ಹಿಂಜರಿಕೆ ಇತ್ತು. ಮನೆ ಅಳೆಯೋದು ಇಂಜಿನಿಯರ್ ಕೆಲಸ, ನಮ್ಗೇನ್ ತಿಳಿತದೆ ಅಂದರು. ಆಗ ಲಾತೂರಿನ ವಿಷಯ ಹೇಳಿದೆ. 1993ರ ಸೆಪ್ಟೆಂಬರ್ 30ರ ಭೂಕಂಪದ ನಂತರ ಮಹಾರಾಷ್ಟ್ರ ಸರ್ಕಾರದ ಪುನರ್ನಿರ್ಮಾಣದಲ್ಲಿ ಹಳ್ಳಿ ಹೆಂಗಸರೇ ‘ಸಂವಾದ ಸಹಾಯಕ’ರಾಗಿ ನಿಂತು, ಮನೆಯವರಿಗೂ ಅಧಿಕಾರಿಗಳಿಗೂ ನಡುವೆ ಓಡಾಡಿ ಮನೆ ಕಟ್ಟಿಸಿದರು. ಅದರ ಹಿಂದೆ ಪ್ರೇಮಾ ಗೋಪಾಲನ್ ಅವರ ಸ್ವಯಂ ಶಿಕ್ಷಣ ಪ್ರಯೋಗ ಸಂಸ್ಥೆ ಇತ್ತು. ಕಥೆ ಕೇಳಿ ಧೈರ್ಯ ಬಂತೋ, ನನ್ನ ಬಾಯಿ ಮುಚ್ಚಿಸಲು ಹೊರಟರೋ, ಅಂತೂ ಇಂಜಿನಿಯರ್ ಬಂದ ದಿನ ನಾಲ್ಕು ಜನ ಪಟ್ಟಿ ಹಿಡಿದು ಅವರ ಹಿಂದೆಯೇ ನಡೆದರು. ಎಲ್ಲರಿಗೂ ಸಿಕ್ಕಿತು ಅಂತ ಹೇಳಲಾರೆ. ಬಾಡಿಗೆಯವರಲ್ಲಿ ಹೆಚ್ಚಿನವರಿಗೆ ಸಿಗಲೇ ಇಲ್ಲ. ಬೇರೆ ಒಲೆಯ ಕೆಲವರು ಸೇರಿಕೊಂಡರು.

ಸಂಘ ಅಂದರೆ ಊರೇ ಅಂತ ತಿಳಿಯಬಾರದು. ಸಂಘಗಳು ಬೀದಿವಾರು ಆಗಿರುತ್ತವೆ, ಬೀದಿಗಳು ಜಾತಿವಾರು. ತಗ್ಗಿನ ಕೇರಿಗೇ ಮೊದಲು ನೀರು ನುಗ್ಗುವುದು, ಒಕ್ಕೂಟದಲ್ಲಿ ಗಟ್ಟಿಯಾಗಿ ಮಾತಾಡುವವರು ಎತ್ತರದ ಬೀದಿಯವರು. ಪಟ್ಟಿಯಲ್ಲಿ ಯಾರ ಹೆಸರು ಮೊದಲು ಎಂಬ ಜಗಳ ಒಂದು ಸಂಜೆಯೆಲ್ಲ ನಡೆಯಿತು. ಸಂಘಕ್ಕೆ ಸೇರಲು ವಾರಕ್ಕಿಷ್ಟು ಉಳಿಸಲಾಗದ ಮುದುಕಿಯರು, ಕೂಲಿಗೆ ವಲಸೆ ಬಂದವರು ಯಾವ ಪುಸ್ತಕದಲ್ಲೂ ಇಲ್ಲ. ನಾವು ಹಾಕಿದ್ದ ಷರತ್ತು ಒಂದೇ: ಸದಸ್ಯರಲ್ಲದವರ ಒಲೆಯೂ ಪಟ್ಟಿಗೆ ಬರಬೇಕು. ಅದಕ್ಕೆ ಮುಖ ಗಂಟಿಕ್ಕಿದವರು ಇದ್ದರು. ಪಟ್ಟಿಗೆ ಹೆಸರುಗಳು ಬಂದವು.

ಇನ್ನು ಹಣ. ಕೂಡಿಸಿದ್ದರಲ್ಲಿ ಉಳಿದದ್ದನ್ನು ಒಕ್ಕೂಟಕ್ಕೆ ಕೊಡುವುದೆಂದು ತೀರ್ಮಾನಿಸಿದೆವು. ಕೊಡುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು. ಒಂದು ಸಂಘದ ಉಳಿತಾಯ ಖಾತೆಗೆ ಬೇರೆ ಯಾರೋ ಪುಣ್ಯಾತ್ಮರು ಹಾಕಿದ್ದ ಹಣವನ್ನು ಬ್ಯಾಂಕು ಸಂಘದ ಸಾಲದ ಕಂತಿಗೆ ಮುರಿದುಕೊಂಡಿತ್ತು. ಕಂಪ್ಯೂಟರ್ ತಾನೇ ಹಿಡಿದುಕೊಂಡಿದೆ ಅಂದರು. ನೆರೆ ಪರಿಹಾರಕ್ಕೆಂದು ಬಂದದ್ದು ಹಳೆ ಸಾಲಕ್ಕೆ ಹೋಯಿತು. ಹಾಗಾಗಿ ಒಕ್ಕೂಟದ ಹೆಸರಿನಲ್ಲಿ, ಸಾಲವಿಲ್ಲದ ಬೇರೆ ಶಾಖೆಯಲ್ಲಿ, ಮೂವರ ಸಹಿಯ ಹೊಸ ಖಾತೆ ತೆರೆಸಿದೆವು. ಠರಾವು, ಸದಸ್ಯರ ಪಟ್ಟಿ, ಪ್ಯಾನ್ ಅಂತ ಅದಕ್ಕೇ ವಾರಗಟ್ಟಲೆ ಹಿಡಿಯಿತು. ಸಹಾಯ ಮಾಡಬೇಕೆನ್ನುವವರು ಈ ಖಾತೆಯ ಕೆಲಸವನ್ನು ಮಳೆಗಾಲಕ್ಕೆ ಮುಂಚೆಯೇ ಮುಗಿಸಿಟ್ಟುಕೊಳ್ಳಲು ಸಂಘಗಳಿಗೆ ನೆರವಾದರೆ, ಆಮೇಲೆ ಕಳಿಸುವ ಎಷ್ಟೋ ಲೋಡು ಅಕ್ಕಿಗಿಂತ ಅದು ಮೇಲು.

ಸಾಲದ ಬಗ್ಗೆ ಇನ್ನೊಂದು ಕೆಲಸವಾಯಿತು. ಪ್ರಕೃತಿ ವಿಕೋಪವಾದ ಕಡೆ ಬ್ಯಾಂಕುಗಳು ಸಾಲದ ಅವಧಿ ವಿಸ್ತರಿಸಿ ಕಂತಿಗೆ ಬಿಡುವು ಕೊಡಲು ಆಗ ರಿಸರ್ವ್ ಬ್ಯಾಂಕಿನ 2018ರ ನಿರ್ದೇಶನಗಳಿದ್ದವು. ಬೆಳೆ ಹಾನಿ ಶೇ 33 ಅಥವಾ ಹೆಚ್ಚಿರಬೇಕಿತ್ತು, ಜಿಲ್ಲೆಯ ಇಲ್ಲವೇ ರಾಜ್ಯದ ಬ್ಯಾಂಕರ್‌ಗಳ ಸಮಿತಿಯಲ್ಲಿ ತೀರ್ಮಾನವಾಗಬೇಕಿತ್ತು. ಇದು ಸಂಘದವರಿಗೆ ಗೊತ್ತಿರಲಿಲ್ಲ, ಕೌಂಟರಿನಲ್ಲಿ ಕೂತವರೂ ಹೇಳಲಿಲ್ಲ. ಅರ್ಜಿ ಬರೆಯಲು ನಾನು ಸಿದ್ಧಳಿದ್ದೆ, ಕಾರ್ಯದರ್ಶಿ ಬೇಡವೆಂದರು. ತಾವೇ ಬರೆದು, ಎಲ್ಲರ ಸಹಿ, ಹೆಬ್ಬೆಟ್ಟು ಹಾಕಿಸಿ, ಜಿಲ್ಲೆಯ ಬ್ಯಾಂಕುಗಳಿಗೆ ಮುಂದಾಳಾದ ಲೀಡ್ ಬ್ಯಾಂಕಿಗೆ ಮತ್ತು ತಹಶೀಲ್ದಾರರಿಗೆ ಕೊಟ್ಟು ಸ್ವೀಕೃತಿ ತಂದರು. ಬ್ಯಾಂಕಿನ ಸಾಲಕ್ಕೆ ಬಿಡುವು ಸಿಕ್ಕಿತು. ವಾರದ ಕಂತಿನ ಫೈನಾನ್ಸಿನ ಹುಡುಗರು ಮಾತ್ರ ಗಂಜಿ ಕೇಂದ್ರದ ಬಾಗಿಲಿಗೇ ಬಂದು ನಿಂತಿದ್ದರು. ಆಗ ಹೆಂಗಸರಿಗೆ ಹೇಳಿಕೊಳ್ಳಲು ಇದಕ್ಕೆಂದೇ ಮಾಡಿದ ಕಾನೂನಿರಲಿಲ್ಲ. ಬಲವಂತದ ವಸೂಲಿ ತಡೆಯಲು ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ತಂದದ್ದು 2025ರಲ್ಲಿ.

ಒಕ್ಕೂಟಕ್ಕೆ ಕೊಟ್ಟ ಹಣ ಹೇಗೆ ಹಂಚಬೇಕು ಎಂಬ ಸಭೆಗೆ ನಾವು ಮೈಸೂರಿನಿಂದ ಹೋಗಿದ್ದವರು ಸಮನಾಗಿ ಹಂಚಿಬಿಡಿ ಅಂದುಕೊಂಡು ಹೋಗಿದ್ದೆವು. ಅವರು ಒಪ್ಪಲಿಲ್ಲ.

‘ದಾನ ಅಂದ್ರೆ ಎಲ್ರೂ ಕೈ ಚಾಚ್ತರೆ ಮೇಡಂ. ಸಾಲ ಅಂದ್ರೆ ಬೇಕಾದೋರ್ ಮಾತ್ರ ಬತ್ತರೆ’ ಅಂದರು ಅಧ್ಯಕ್ಷೆ. ‘ಸಾಲ ಅಂದ್ರೆ ಮುದುಕಮ್ಮ ಎಲ್ಲಿಂದ ತೀರಿಸಾಳು?’ ಅಂತ ತಗ್ಗಿನ ಕೇರಿಯ ಒಬ್ಬಾಕೆ ಎದ್ದು ನಿಂತರು. ಚಹಾ ಎರಡು ಸುತ್ತು ಬಂತು. ಕೊನೆಗೆ ಒಂದು ಪಾಲು ವಾಪಸು ಕೇಳದೆ ಒಂಟಿ ಹೆಂಗಸರಿಗೆ, ಮುದುಕಿಯರಿಗೆ, ಸದಸ್ಯರಲ್ಲದ ಕಡು ಬಡವರಿಗೆ. ಮಿಕ್ಕದ್ದು ಬಡ್ಡಿಯಿಲ್ಲದ ಸಾಲ, ಯುಗಾದಿ ಕಳೆದ ಮೇಲೆ ಸಣ್ಣ ಕಂತು ಶುರು, ಬಂದ ದುಡ್ಡು ಮುಂದಿನವರಿಗೆ. ಹೊಲಿಗೆ ಮಿಷನ್ ರಿಪೇರಿ, ಇಡ್ಲಿ ಗಾಡಿಗೆ ಹೊಸ ಸ್ಟವ್, ಎರಡು ಕುರಿ, ಮಗನ ಹಾಸ್ಟೆಲ್ ಫೀಸು, ಹೀಗೆ ಹೋಯಿತು ಹಣ. ಫೀಸನ್ನು ನಾವಾಗಿದ್ದರೆ ‘ಜೀವನೋಪಾಯ’ದ ಕೆಳಗೆ ಬರೆಯುತ್ತಿರಲಿಲ್ಲ.

ಇದೇ ದಾರಿಯನ್ನು ಘಟ್ಟದ ಆಚೆ ಸರ್ಕಾರವೇ ಹಿಡಿದಿತ್ತು. 2018ರ ಪ್ರವಾಹದ ನಂತರ ಕೇರಳದಲ್ಲಿ ಕುಟುಂಬಶ್ರೀ ಎಂಬ ಹೆಂಗಸರ ಸಂಘಗಳ ಮೂಲಕ, ಮನೆ ಸಾಮಾನು ಕಳೆದುಕೊಂಡವರಿಗೆ 1 ಲಕ್ಷ ರೂಪಾಯಿವರೆಗೆ ಸಾಲ ಕೊಡಿಸಿ ಬಡ್ಡಿಯನ್ನು ಸರ್ಕಾರ ಭರಿಸಿತು. ಫ್ರಿಜ್ಜು, ಮಂಚ, ಮಿಕ್ಸಿ ಕೊಳ್ಳುವುದು ಮನೆಯಾಕೆಯ ತೀರ್ಮಾನ. 1998ರಿಂದ ಕಟ್ಟಿಕೊಂಡು ಬಂದಿದ್ದ ಜಾಲ ಇದ್ದದ್ದರಿಂದ ಅದು ಸಾಧ್ಯವಾಯಿತು. ನಮ್ಮಲ್ಲಿ 2000–01ರಿಂದ ಸ್ತ್ರೀಶಕ್ತಿ ಸಂಘಗಳಿವೆ, ಆಮೇಲೆ ಸಂಜೀವಿನಿ ಒಕ್ಕೂಟಗಳು ಬಂದವು. ವಿಪತ್ತಿನ ಹೊತ್ತಿಗೆ ಮಾತ್ರ ಇವರನ್ನು ನೆನೆಯುವುದು ಅಡುಗೆಗೆ ಮತ್ತು ಪ್ಯಾಕಿಂಗಿಗೆ.

ಯಾರೂ ಕೊಡಲೊಲ್ಲದ ಖರ್ಚೊಂದಿದೆ: ಬಸ್ ಚಾರ್ಜು, ಜೆರಾಕ್ಸ್, ಫೋನ್ ಕರೆನ್ಸಿ, ಪುಸ್ತಕ ಬರೆಯುವವರ ಗೌರವಧನ. ‘ನಮ್ಮ ದುಡ್ಡು ಪೂರ್ತಿ ಸಂತ್ರಸ್ತರಿಗೇ ಹೋಗಬೇಕು’ ಎನ್ನುತ್ತಾರೆ ದಾನಿಗಳು. ಒಲೆ ಎಣಿಸಿದ ನಾಲ್ವರು ಕೂಲಿ ಬಿಟ್ಟು ಎಣಿಸಿದರು, ಅವರ ಮನೆಗೂ ನೀರು ನುಗ್ಗಿತ್ತು. ಇದಕ್ಕೆ ನಾವು ಬೇರೆಯೇ ತೆಗೆದಿಟ್ಟೆವು, ದಿನಕ್ಕೆ ಕೂಲಿಯ ದರದಲ್ಲಿ. ನಮ್ಮವರಲ್ಲಿ ಒಬ್ಬರು ಸೇವೆಗೆ ಸಂಬಳವೇ ಎಂದು ಮುನಿಸಿಕೊಂಡು ಹೊರಟುಹೋದರು. ಹೋಗಲಿ. ದೊಡ್ಡ ದುಡ್ಡಿನ ದಾರಿಯೂ ಈಗ ಕಿರಿದಾಗಿದೆ. 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿ ಆದಮೇಲೆ, ಹಾಗೆ ಬಂದ ಹಣವನ್ನು ದೊಡ್ಡ ಸಂಸ್ಥೆಗಳು ಕೆಳಗಿನ ಸಣ್ಣ ಸಂಸ್ಥೆಗಳಿಗೆ ಹಂಚುವಂತಿಲ್ಲ. ಹಾಗಾಗಿ ಹಳ್ಳಿಯ ಒಕ್ಕೂಟಕ್ಕೆ ದಕ್ಕುವುದು ಹತ್ತಿರದ ಊರಿನ, ನಮ್ಮ ನಿಮ್ಮಂಥವರ ದುಡ್ಡೇ.

ಆ ಯುಗಾದಿಗೆ ಕಂತು ಶುರುವಾಗಲಿಲ್ಲ, ಲಾಕ್‌ಡೌನ್ ಶುರುವಾಯಿತು. ಒಕ್ಕೂಟವೇ ಮುಂದೂಡಿತು, ನಮ್ಮನ್ನು ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ. ರಿಪೇರಿಯಾದ ಮಿಷನ್‌ಗಳಲ್ಲಿ ಪಂಚಾಯಿತಿಗೆ ಮಾಸ್ಕ್ ಹೊಲಿದರು, ಆ ಕೂಲಿಯಿಂದಲೇ ಕೆಲವರು ಮೊದಲ ಕಂತು ಕಟ್ಟಿದರು. ಇಬ್ಬರು ಇವತ್ತಿಗೂ ಕಟ್ಟಿಲ್ಲ. ಅವರ ಹೆಸರು ಪ್ರತಿ ಸಭೆಯ ನಡಾವಳಿಯಲ್ಲಿ ಬರುತ್ತದೆ, ಮನ್ನಾ ಮಾಡಲು ಮಾತ್ರ ಯಾರೂ ತಯಾರಿಲ್ಲ.

2024ರ ಜುಲೈನಲ್ಲಿ ವಯನಾಡಿನ ಗುಡ್ಡ ಕುಸಿದ ವಾರ ಕಪಿಲೆ ಮತ್ತೆ ಏರಿತು. ಈ ಸಲ ಪುಸ್ತಕಗಳು ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಎತ್ತರದ ಬೀದಿಗೆ ಮೊದಲೇ ಹೋಗಿದ್ದವು. ಒಲೆಗಳ ಪಟ್ಟಿ ತಾಜಾ ಇತ್ತು. ಒಂದು ಕಂಪನಿಯವರು ಕಿಟ್ ಕೊಡುತ್ತೇವೆ, ಬ್ಯಾನರ್ ಹಿಡಿದು ಫೋಟೊ ಬೇಕು ಅಂದರಂತೆ. ಒಕ್ಕೂಟದವರು ಠರಾವು ಮಾಡಿ ಪತ್ರ ಬರೆದರು: ಕಿಟ್ ಬೇಡ, ಒಂದು ಕಬ್ಬಿಣದ ಬೀರು, ಪುಸ್ತಕ ಬರೆಯುವವರಿಗೆ ಆರು ತಿಂಗಳ ಗೌರವಧನ ಕೊಡಿ. ಅಂಥ ಬಾಬ್ತಿಗೆ ತಮ್ಮಲ್ಲಿ ಅವಕಾಶವಿಲ್ಲವೆಂದು ಉತ್ತರ ಬಂತು. ಬೀರುವನ್ನು ಸದಸ್ಯರೇ ತಲಾ ಇಷ್ಟೆಂದು ಹಾಕಿ ನಂಜನಗೂಡಿನಿಂದ ತಂದರು.

ಈಗ ಆ ನಿಧಿಯ ಲೆಕ್ಕ ಬರೆಯುವುದು ಅವರೇ, ವರ್ಷಕ್ಕೊಮ್ಮೆ ನನ್ನನ್ನು ತಪಾಸಣೆಗೆ ಕರೆಯುತ್ತಾರೆ. ಕಳೆದ ಸಲ ಜೆರಾಕ್ಸಿನ ಒಂದು ವೋಚರ್ ಇಲ್ಲವೆಂದು ನಾನು ತಕರಾರು ತೆಗೆದೆ, ಹುಡುಕಿ ತೋರಿಸಿದರು. ಹೊರಡುವಾಗ ಪುಸ್ತಕದ ಹುಡುಗಿ ಹೋಗಿ ಬರುವ ಬಸ್ ಚಾರ್ಜು ಎಣಿಸಿ ನನ್ನ ಕೈಗಿಟ್ಟು, ‘ಮೇಡಂ, ಇಲ್ಲೊಂದು ಸಹಿ ಹಾಕಿ’ ಅಂತ ವೋಚರ್ ಮುಂದಿಟ್ಟಳು. ಬೇಡ ಕಣಮ್ಮ ಅಂದೆ. ‘ಬೇಡ ಅಂದ್ರೆ ಲೆಕ್ಕ ಕೂಡಲ್ಲ, ಆಗ್ಲೇ ಬರ್ದ್ಬುಟ್ಟಿವ್ನಿ’ ಅಂದಳು. ಸಹಿ ಹಾಕಿದೆ.